ಚಂದ್ರಲೋಕದವನಿಗೆ ಬಡಿಸಿದ ಮುದ್ದೆ

ಮೊನ್ನೆ ಹೊಸಕೋಟೆಯ ಹೋಟೆಲಿನಲ್ಲಿ ನನ್ನೆದುರು ಕೂತ ಯುವಕನೊಬ್ಬ ಮುದ್ದೆಯನ್ನು ಅಗಿಯುತ್ತಿದ್ದ. ಪಾಪ, ಪಿಲ್ಲಗುಂಪೆಯ ಕಾರ್ಖಾನೆಗೆ ದೂರದೂರಿನಿಂದ ಹೊಸದಾಗಿ ಬಂದವನಿರಬೇಕು. ಬಿಸಿ ರಾಗಿಯ ವಾಸನೆಗೆ ನನ್ನ ಕಥೆಗಾರಿಕೆಯ ಕಾಲ ನೆನಪಾಯಿತು. ನಗಬೇಡಿ, ನಾನೂ ಒಂದು ಕಾಲಕ್ಕೆ ಕಥೆಗಾರನೇ.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಹೊಸತು. ಅನುಗೊಂಡನಹಳ್ಳಿಯ ನಮ್ಮ ಮನೆಯಲ್ಲಿ ಅಣ್ಣ ಹೊಲ ನೋಡಿಕೊಂಡರೆ, ಹೊಸಕೋಟೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಆಕಾಶ ನೋಡಿಕೊಂಡಿದ್ದೆ. ಹಾರುವ ಬೆಟ್ಟ, ಮಾತಾಡುವ ಬಾವಿ, ಮುಂದಿನ ಶತಮಾನದ ಮದುವೆ, ಹೀಗೆ ಬರೆದದ್ದನ್ನೆಲ್ಲ ಬೆಂಗಳೂರಿನ ಪತ್ರಿಕೆಗಳಿಗೆ ಕಳಿಸುವುದು. ಕಥೆಯ ಜೊತೆಗೆ ನಮ್ಮದೇ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಇಡಬೇಕಿತ್ತು. ಬೇಡವಾದ ಕಥೆ ಅದರಲ್ಲೇ ಮನೆಗೆ ಮರಳುತ್ತಿತ್ತು. ಅಂಚೆಯವನು ದೂರದಿಂದಲೇ ಕೂಗುತ್ತಿದ್ದ: "ಏನಪ್ಪಾ, ನಿನ್ ಕಥೆ ಊರು ಸುತ್ಕೊಂಡು ಬಂತು ನೋಡು!"

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಅದಕ್ಕೇ ಸಂಪಾದಕರು ಓದುತ್ತಿಲ್ಲವೆಂದು ತೀರ್ಮಾನಿಸಿದೆ; ಕಥೆಯೇ ಚೆನ್ನಾಗಿಲ್ಲದಿರಬಹುದೆಂದು ಹೊಳೆಯುವ ವಯಸ್ಸಲ್ಲ ಅದು. ಅಣ್ಣನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಏಳನೇ ಕ್ಲಾಸು ಓದಿದ್ದವರು. ಬರೆದರೆ ಮುತ್ತು ಪೋಣಿಸಿದ ಹಾಗೆ. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ, ಬೀಸುವ ಕಲ್ಲಿನ ಪಕ್ಕ ಕೂತು ನನ್ನ ಹೊಸ ಕಥೆಯನ್ನು ನಕಲು ಮಾಡಿಕೊಟ್ಟರು. ಬಸ್ಸಿನ ಅವಸರದಲ್ಲಿ ನಾನು ಓದದೆ ಅಂಚೆಗೆ ಹಾಕಿಬಿಟ್ಟೆ.

ಈ ಸಲ ತೆಳ್ಳನೆಯ ಕಾಗದ ಬಂತು. ಕಥೆ ಸ್ವೀಕೃತ! "ಚಂದ್ರಲೋಕದವನು ಮುದ್ದೆ ಉಣ್ಣುವ ಭಾಗ ಅಪೂರ್ವ" ಎಂದು ಸಂಪಾದಕರು ಬರೆದಿದ್ದರು. ನನಗೆ ದಿಗಿಲಾಯಿತು. ನಾನು ಬರೆದದ್ದರಲ್ಲಿ ಅವನು ನಮ್ಮ ಹೊಲಕ್ಕಿಳಿದು, ಒಂದೂವರೆ ಪುಟ ವಿಜ್ಞಾನ ಹೇಳಿ, ಬೆಳಕಾಗಿ ಮಾಯವಾಗುತ್ತಿದ್ದ. ಮುದ್ದೆ ಎಲ್ಲಿಂದ ಬಂತು?

"ಅತ್ತಿಗೆ, ಏನ್ ಮಾಡಿದ್ರಿ?"

"ಅಷ್ಟು ದೂರದಿಂದ ಬಂದೋನ್ನ ಹೊಲದಲ್ಲೇ ನಿಲ್ಸಿ, ಭಾಷಣ ಮಾಡ್ಸಿ, ಹಂಗೇ ಕಳಿಸ್ಬಿಟ್ಟಿದ್ದೆಯಲ್ಲಪ್ಪಾ! ನಂಗೆ ತಡೀಲಿಲ್ಲ. ಒಳಕ್ಕೆ ಕರೆದು ಎರಡು ತುತ್ತು ಹಾಕಿದೆ."

ಅಚ್ಚಾಗಿ ಬಂದಾಗ ನೋಡಿದರೆ ಆ ಎರಡು ತುತ್ತು ಒಂದು ಇಡೀ ಪುಟವಿತ್ತು. ಅಗಿಯಲು ಹೋಗಿ ಅವನ ಹಲ್ಲು ಅಂಟಿಕೊಳ್ಳುತ್ತದೆ. ಮನೆಯ ಅಜ್ಜಿ "ಅಗೀಬೇಡ ಕಣಪ್ಪ, ನುಂಗು" ಎಂದು ತೋರಿಸುತ್ತಾಳೆ. ಅವನ ಲೋಕದಲ್ಲಿ ಊಟಕ್ಕೆ ಕರೆಯುವವರೇ ಇಲ್ಲವೆಂದು ಆಗ ತಿಳಿಯುತ್ತದೆ. ಓದಿ ನನಗೆ ಹೊಟ್ಟೆಕಿಚ್ಚಾಯಿತು. ಪತ್ರಿಕೆಯಲ್ಲಿ ನನ್ನೊಬ್ಬನ ಹೆಸರೇ ಬಂತು. ಊರವರೆಲ್ಲ ಮುದ್ದೆಯನ್ನೇ ಹೊಗಳಿದರು, ನಾನು ಎದೆಯುಬ್ಬಿಸಿಕೊಂಡು ಕೇಳಿಸಿಕೊಂಡೆ. ಆ ನಾಚಿಕೆ ಇವತ್ತಿಗೂ ಇದೆ.

ಕೆಲವು ವರ್ಷಗಳ ಮೇಲೆ ಅದೇ ಸಂಪಾದಕರು ಅದ್ಭುತ ಕಥೆಗಳ ಸಂಕಲನಕ್ಕೆಂದು ಆ ಕಥೆ ಕೇಳಿದರು. ಈ ಸಲ ಇಬ್ಬರ ಹೆಸರೂ ಇರಬೇಕೆಂದು ಬರೆದೆ. ಒಂದು ಕಥೆಗೆ ಒಂದೇ ಹೆಸರು ಪದ್ಧತಿ ಎಂದು ಉತ್ತರ ಬಂತು.

"ಬಿಡಪ್ಪಾ, ನನ್ ಹೆಸರು ಯಾರಿಗ್ ಬೇಕು? ಬಂದಿರೋದನ್ನ ಕಳ್ಕೋಬೇಡ" ಎಂದರು ಅತ್ತಿಗೆ. ಪುಸ್ತಕದಲ್ಲಿ ಬರುವ ಆಸೆ ನನಗೇನು ಕಡಿಮೆಯಿತ್ತೆ? ಆದರೂ "ಎರಡೂ ಹೆಸರು ಹಾಕಿ, ಇಲ್ಲದಿದ್ದರೆ ಕಥೆ ವಾಪಸು ಕಳಿಸಿ" ಎಂದು ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಟ್ಟೆ. ಜೀವನದಲ್ಲಿ ನಾನು ಮಾಡಿದ ಒಂದೇ ಶೂರತನ ಅದು.

ಎರಡು ತಿಂಗಳು ಸದ್ದಿಲ್ಲ. ಆಮೇಲೆ ಪುಸ್ತಕವೇ ಬಂತು. ಅಣ್ಣ ಜಗಲಿಯ ಮೇಲೆ ಕೂತು ಪುಟ ತಿರುವಿದ. ಮದುವೆಯಾಗಿ ಒಂಬತ್ತು ವರ್ಷವಾದರೂ ಹೆಂಡತಿಯನ್ನು "ಇವಳೇ", "ಲೇ" ಎಂಬುದು ಬಿಟ್ಟರೆ ಬೇರೆ ಕರೆದವನಲ್ಲ. ನಮ್ಮ ಮನೆಯಲ್ಲಿ ಅವರು ಅತ್ತಿಗೆ, ಸೊಸೆ, ಅಮ್ಮ, ಅಷ್ಟೇ. ಅಣ್ಣ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದ: "ಮುನಿಲಕ್ಷ್ಮಮ್ಮ."

ಒಳಗಿಂದ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. "ಯಾರು ಕರೆದಿದ್ದು?"

ಆಮೇಲೆ ನನ್ನ ಹತ್ತಾರು ಕಥೆ ಅಚ್ಚಾದವು. ಯಾವುದರ ಬಗ್ಗೆಯೂ ನನಗೆ ಇಷ್ಟು ಜಂಬವಿಲ್ಲ. ಮೊನ್ನೆ ಹೋಟೆಲಿನಿಂದ ಮನೆಗೆ ಹೋಗುವ ಬದಲು ನೆಟ್ಟಗೆ ಅನುಗೊಂಡನಹಳ್ಳಿಯ ಬಸ್ಸು ಹತ್ತಿದೆ. ಅಣ್ಣ ಈಗಿಲ್ಲ; ಅತ್ತಿಗೆಗೆ ಕಣ್ಣು ಮಂಜು. ಪುಸ್ತಕ ತೆಗೆದು ಕಥೆ ಓದಿ ಹೇಳುತ್ತೇನೆಂದೆ.

"ಕಥೆ ನಂಗೆ ಗೊತ್ತಲ್ಲಪ್ಪಾ. ಮೇಲೆ ಹೆಸರಿರೋ ಸಾಲು ಓದು. ನಿಮ್ಮಣ್ಣ ಓದ್ದಂಗೆ, ಗಟ್ಟಿಯಾಗಿ."

ಓದಿದೆ.