ತಂಗಿಯನ್ನು ಬಿಟ್ಟು ಬಂದ ಅಜ್ಜಿ

ಅಜ್ಜಿಯ ಎಡಗಾಲಿನಲ್ಲಿ ಮೂರೇ ಬೆರಳುಗಳಿದ್ದವು. ಉಳಿದೆರಡನ್ನು ಹನ್ನೊಂದನೆಯ ವಯಸ್ಸಿನಲ್ಲಿ ಹಿಮ ತಿಂದುಹಾಕಿತ್ತು. ಅಮೆರಿಕದ ನಮ್ಮ ಬಡಾವಣೆ ಎಜುಕೇಶನ್ ಹಿಲ್‌ನ ಏರು ಹತ್ತುವಾಗ ಅವರು ಒಂದು ಕಡೆಗೆ ವಾಲಿ ನಡೆಯುತ್ತಿದ್ದರು. ಯಾರಾದರೂ ಕೈ ಕೊಟ್ಟರೆ ಹಿಡಿಯುತ್ತಿರಲಿಲ್ಲ.

ಅವರು ನಮ್ಮ ಪಕ್ಕದ ಮನೆಯ ನರ್ಸ್‌ನ ತಾಯಿ. ನಾವು ಆ ಮನೆಗೆ ಬಂದ ಹೊಸದರಲ್ಲಿ ನಾನು ಹಿತ್ತಲಲ್ಲಿ ನಿಂತು ಗೆಳತಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಬೇಲಿಯಾಚೆಯಿಂದ "ಮೈಸೂರೇನವ್ವಾ?" ಎಂದು ದನಿ ಬಂತು. ನೋಡಿದರೆ ಟಿಬೆಟಿನ ಮುದುಕಿ. ಬೈಲಕುಪ್ಪೆಯ ಕ್ಯಾಂಪಿನಲ್ಲಿ ಮುಸುಕಿನ ಜೋಳ ಬೆಳೆದು, ಚಳಿಗಾಲದಲ್ಲಿ ಮೈಸೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರಿ ಮಗಳನ್ನು ಓದಿಸಿದವರು. ನಮ್ಮ ಮನೆಮಾತು ಉರ್ದು, ಅವರದು ಟಿಬೆಟನ್. ಇಬ್ಬರೂ ಬೀದಿಯಲ್ಲಿ ಕಲಿತ ಕನ್ನಡವೇ ನಮ್ಮಿಬ್ಬರ ಮಾತಾಯಿತು. ನನ್ನ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಆ ವರ್ಷಗಳಲ್ಲಿ ದಿನಾ ನನ್ನೊಡನೆ ಕನ್ನಡ ಆಡಿದವರು ಅವರೊಬ್ಬರೇ.

ಚೀನಾ ತಮ್ಮ ದೇಶವನ್ನು ನುಂಗಿದ ಕತೆಯನ್ನು ಒಂದು ಮಧ್ಯಾಹ್ನ ತಾವಾಗಿಯೇ ಹೇಳಿದರು.

"ನಮ್ಮೂರಿಗೆ ಅವ್ರು ಗುಂಡು ಹಾರಿಸ್ಕೊಂಡು ಬರ್ಲಿಲ್ಲ ಕಣವ್ವಾ. ರಸ್ತೆ ಮಾಡ್ತೀವಿ ಅಂತ ಬಂದ್ರು. ಮಕ್ಳಿಗೆಲ್ಲ ಪೆಪ್ಪರ್‌ಮೆಂಟು ಕೊಟ್ರು. ನಾನೂ ತಿಂದೆ. ರಸ್ತೆ ಮುಗೀತು. ಅದೇ ರಸ್ತೇಲಿ ಲಾರಿ ತುಂಬಾ ಸಿಪಾಯಿಗಳು ಬಂದ್ರು."

ಕೆಲವು ವರ್ಷಗಳ ಮೇಲೆ ತಂದೆ ಅವರನ್ನು ಕರೆದುಕೊಂಡು ಹಿಮಾಲಯ ದಾಟಿದರು. ತಾಯಿ ಮತ್ತು ಹಾಲು ಕುಡಿಯುವ ತಂಗಿ ಹಿಂದೆಯೇ ಬರಬೇಕಿತ್ತು. ಬರಲಾಗಲಿಲ್ಲ.

ಆ ತಂಗಿ ಬದುಕಿದ್ದಾಳೆಂದು ಗೊತ್ತಾದದ್ದು ಅಜ್ಜಿ ಅಮೆರಿಕಕ್ಕೆ ಬಂದ ಮೇಲೆ. ಯಾರ ಮೂಲಕವೋ ನಂಬರು ಸಿಕ್ಕಿ, ವಾರಕ್ಕೊಮ್ಮೆ ಮಾತು ಶುರುವಾಯಿತು. ಚಳಿ, ಹಿಟ್ಟು, ಮಂಡಿನೋವು, ಇಷ್ಟೇ. "ಚೀನಾದವ್ರು ಕೇಳಿಸ್ಕೊಳ್ತಾ ಇರ್ತಾರೆ," ಎನ್ನುತ್ತಿದ್ದರು ಅಜ್ಜಿ.

ಒಂದು ದಿನ ನಾನು ಅಲ್ಲಿರುವಾಗಲೇ ಮಾತು ಬೇಗ ಮುಗಿಯಿತು. ಅಜ್ಜಿ ಫೋನನ್ನು ಮಡಿಲಲ್ಲಿಟ್ಟುಕೊಂಡರು.

"ಏನಂದ್ರು ಅಜ್ಜಿ?"

"ಇನ್ಮೇಲೆ ಫೋನ್ ಮಾಡ್ಬೇಡ ಅಕ್ಕಾ ಅಂದ್ಳು."

"ಯಾಕಂತೆ?"

"ಹೇಳ್ಲಿಲ್ಲ. ಹೇಳಂಗಿಲ್ಲ. ಪಕ್ಕದಲ್ಲಿ ಯಾರೋ ಗಂಡಸು ಕೆಮ್ಮಿದ."

ಅಜ್ಜಿ ಮತ್ತೆ ಫೋನು ಮಾಡಲಿಲ್ಲ. ಮಾಡಿದರೆ ತಂಗಿಯ ಮೊಮ್ಮಕ್ಕಳಿಗೆ ತೊಂದರೆ. ಎಷ್ಟೋ ದಿನಗಳಾದ ಮೇಲೆ ಪಾತ್ರೆ ಒರೆಸುತ್ತಾ ಅಂದರು: "ಆವಾಗ ಬಿಟ್ಟು ಬಂದಾಗ ನಂಗೇನೂ ಗೊತ್ತಿರ್ಲಿಲ್ಲ. ಈಗ ಗೊತ್ತಿದ್ದೇ ಬಿಟ್ಟೆ ಕಣವ್ವಾ."

ತಂಗಿ ಸತ್ತ ಸುದ್ದಿ ನೇಪಾಳದ ಯಾರದೋ ಬಾಯಿಂದ ಬಂದಾಗ ಅವಳು ಹೋಗಿ ವರ್ಷ ಕಳೆದಿತ್ತು. ಅಜ್ಜಿ ಬೆಣ್ಣೆಯ ದೀಪ ಹಚ್ಚಿದರು. ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಅಂದಿನಿಂದ ಊಟ ಇಳಿಯಿತು, ನಡೆಯುವುದೂ ನಿಂತಿತು. ಕಳೆದ ಚಳಿಗಾಲದಲ್ಲಿ ಅವರೂ ಹೋದರು.

ಅಂತ್ಯಸಂಸ್ಕಾರದಿಂದ ಕಾರಿನಲ್ಲಿ ಹಿಂದಿರುಗುವಾಗ ಅಜ್ಜಿಯ ಮಗಳನ್ನು ಕೇಳಿದೆ, "ಅಲ್ಲಿಯವ್ರಿಗೆ ತಿಳಿಸೋಕೆ ಏನಾದ್ರೂ ದಾರಿ ಇದೆಯಾ?"

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಬೇಡ ಅಕ್ಕ. ಮೆಸೇಜ್ ಹೋದ್ರೂ ಅವ್ರಿಗೆ ಪ್ರಾಬ್ಲಮ್."

ಟಿಬೆಟಿನ ಒಂದು ಹಳ್ಳಿಯಲ್ಲಿ ಆ ತಂಗಿಯ ಮಕ್ಕಳಿದ್ದಾರೆ. ದೊಡ್ಡಮ್ಮ ತೀರಿಕೊಂಡದ್ದು ಅವರಿಗೆ ಇನ್ನೂ ತಿಳಿದಿಲ್ಲ.