ದಡಿ ಬಿಟ್ಟು ಹೇಳ್ಲೋ, ಕೂಡಿಸಿ ಹೇಳ್ಲೋ?

ಎಪ್ಪತ್ತರ ದಶಕದಾಗ ನಾ ಬಾಗಲಕೋಟೆಯ ಒಂದು ಕಾಲೇಜಿನ್ಯಾಗ ಗಣಿತ ಕಲಸ್ತಿದ್ದೆ. ಎಸ್ಸೆಸ್ಸೆಲ್ಸಿ ಗಣಿತದಾಗ ಐವತ್ತಕ್ಕಿಂತ ಕಡಿಮಿ ಬಿದ್ದವರಿಗೆ ಪಿಯುಸಿಯೊಳಗ ಗಣಿತ ಇಲ್ಲ, ಸೀದಾ ಆರ್ಟ್ಸ್ ಅನ್ನೋದು ಪ್ರಿನ್ಸಿಪಾಲರ ರೂಲು. ಇಳಕಲ್ಲಿನ ನೇಕಾರರ ಹುಡುಗಿಯೊಬ್ಬಾಕಿಗೆ ನಲವತ್ತೊಂದು ಬಿದ್ದಿತ್ತು. ಆದ್ರೂ ಗಣಿತನ ಬೇಕಂತ ಹಟ ಹಿಡಿದು ನಿಂತಿದ್ದಳು.

ಪ್ರಿನ್ಸಿಪಾಲರ ಎದುರಿಗೇ ಆಕಿಗೆ ಕೇಳಿದೆ: "ಎಂಟು ಎಳಿ ಕೆಂಪು, ನಾಕು ಎಳಿ ಕರಿ, ಹಿಂಗ ಪಟ್ಟಿ ಪಟ್ಟಿ ಇರೋ ಸೀರಿ ಹಾಸಿನ್ಯಾಗ ಉದ್ದಕ್ಕ ಎರಡು ಸಾವಿರದ ನಾನೂರು ಎಳಿ ಅದಾವ. ಕರಿ ಎಷ್ಟವ್ವಾ?"

"ದಡಿ ಬಿಟ್ಟು ಹೇಳ್ಲೋ, ಕೂಡಿಸಿ ಹೇಳ್ಲೋ ಸರ್?"

ಸೀರಿಯ ಎರಡೂ ಅಂಚಿಗೆ ದಡಿ ಇರ್ತದಂತ ನನಗ ನೆನಪs ಇರಲಿಲ್ಲ. "ಬಿಟ್ಟು ಹೇಳು" ಅಂದೆ.

"ಎಂಟನೂರ್ರಿ" ಅಂದಳು. ಪೆನ್ನು ಸುದ್ದಾ ಮುಟ್ಟಲಿಲ್ಲ.

"ಶಾಣ್ಯಾಕಿ ಖರೆ, ಆದ್ರ ರೂಲು ಅಂದ್ರ ರೂಲು" ಅಂದರು ಪ್ರಿನ್ಸಿಪಾಲರು.

ನನಗ ತಲಿ ಕೆಟ್ಟಿತು. "ಹಂಗಾರ ಇವತ್ತs ನನ್ನೂ ಮನಿಗೆ ಕಳಸ್ರಿ. ಎಸ್ಸೆಸ್ಸೆಲ್ಸಿ ಗಣಿತದಾಗ ನನಗ ಬಿದ್ದದ್ದು ಮೂವತ್ತೇಳು" ಅಂದೆ.

ಹುಡುಗಿಗೆ ಗಣಿತ ಸಿಕ್ಕಿತು, ಆ ರೂಲೂ ಹೋತು. ಆದ್ರ ಮುಂದಿನ ವರ್ಷದಿಂದ ಹೊಸಾ ಮಾಸ್ತರು ಬಂದರ, ಅವರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನ ಪ್ರಿನ್ಸಿಪಾಲರು ಮೊದಲು ಕೇಳಾಕ ಹತ್ತಿದರು.