ರಾಹುಕಾಲದಲ್ಲಿ ಒಂದು ಪರೀಕ್ಷೆ

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ರೈಲಿನ ಕೂಗು ಚೆನ್ನಾಗಿ ಕೇಳುವಷ್ಟು ಹತ್ತಿರದಲ್ಲಿ, ಒಂದು ಮಿಡಿಸೌತೆ ಕಂಪನಿ ಇತ್ತು. ಸುತ್ತಲಿನ ರೈತರು ಬೆಳೆದ ಬೆರಳುದ್ದದ ಸೌತೆಮಿಡಿಗಳನ್ನು ತೊಳೆದು, ದಪ್ಪ ನೋಡಿ ಬೇರೆ ಬೇರೆ ಮಾಡಿ, ವಿನೆಗರ್ ತುಂಬಿದ ಪೀಪಾಯಿಗೆ ಹಾಕಿ ಹಡಗಿನಲ್ಲಿ ಹೊರದೇಶಕ್ಕೆ ಕಳಿಸುವುದು ಅಲ್ಲಿನ ಕೆಲಸ. ಅಲ್ಲಿ ಮೂರನೇ ಮೇಜಿನ ಮುಖ್ಯಸ್ಥೆ ಅಶ್ವತ್ಥಮ್ಮ. ಕಂಪನಿಯ ಬಾಗಿಲು ತೆರೆದ ದಿನವೇ ಕೆಲಸಕ್ಕೆ ಸೇರಿದವಳು. ಎರಡು ಸಾವಿರದ ಐದನೇ ಇಸವಿಯ ಹೊತ್ತಿಗೆ ಅವಳಿಗೆ ಐವತ್ತೈದು ತುಂಬಿತ್ತು.

ಅವಳಿಗೆ ಓದು ಬರುತ್ತಿರಲಿಲ್ಲ. ಎರಡನೇ ಕ್ಲಾಸಿನಲ್ಲಿ ಸ್ಲೇಟು ಒಡೆದುಹೋಯಿತೆಂದು ಅಳುತ್ತ ಮನೆಗೆ ಬಂದವಳನ್ನು ಯಾರೂ ಮತ್ತೆ ಸ್ಕೂಲಿಗೆ ಕಳಿಸಿರಲಿಲ್ಲ. ಆದರೆ ಅವಳ ಕಿವಿ ಬಲು ಚುರುಕು. ಹಾರನ್ನು ಕೇಳಿದರೆ ಸಾಕು, ಅಲೀಪುರದ ಬಸ್ಸು ಬಂತೋ ಹಿಂದೂಪುರದ್ದೋ ಹೇಳುತ್ತಿದ್ದಳು. ಕಾಯಿ ಜರಡಿ ಹಿಡಿಯುವ ಯಂತ್ರ ಸದ್ದು ಬದಲಿಸಿದರೆ, ಕೆಡುವುದಕ್ಕೆ ಅರ್ಧ ಗಂಟೆ ಮೊದಲೇ ತಲೆಯೆತ್ತಿ ನೋಡುತ್ತಿದ್ದಳು. ಮೇಜಿನ ಎರಡೂ ಕಡೆ ನಿಂತ ಹತ್ತು ಹೆಂಗಸರ ಮನೆಯ ಸುದ್ದಿಯೆಲ್ಲ ಅವಳಿಗೆ ಗೊತ್ತು. ಕೆದಕಿ ಕೇಳುವ ಅಭ್ಯಾಸ ಅವಳಿಗಿರಲಿಲ್ಲ, ಸುಮ್ಮನೆ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಆ ಬೇಸಿಗೆಯಲ್ಲಿ ಹೊರದೇಶದ ಗಿರಾಕಿಯಿಂದ ಒಂದು ಕಾಗದ ಬಂತು. ಕರೆಂಟು ಹೋದರೆ, ಫೋನು ಸತ್ತರೆ, ಮ್ಯಾನೇಜರೇ ಇಲ್ಲದಿದ್ದರೆ ಕೆಲಸವನ್ನು ಹೇಗೆ ಮುಂದುವರಿಸುತ್ತೀರಿ? ಬರೆದು ಕೊಡಿ, ಬರೆದದ್ದನ್ನು ಮಾಡಿಯೂ ತೋರಿಸಿ ಎಂದಿತ್ತು. ಮ್ಯಾನೇಜರ್ ಕೃಷ್ಣಮೂರ್ತಿಯವರು ಹದಿನೈದು ದಿನ ಕೂತು ಇಂಗ್ಲಿಷಿನಲ್ಲಿ ಬರೆದರು. ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಚಿಂತಾಮಣಿಯ ಹುಡುಗಿ ಹರಿತಾ ಅದನ್ನು ಮೂವತ್ತೆರಡು ಅಂಶಗಳ ಕನ್ನಡ ಪುಸ್ತಕ ಮಾಡಿದಳು. ಹೆಂಗಸರು ಅದಕ್ಕೆ ಆಪತ್ತಿನ ಪುಸ್ತಕ ಅಂತ ಹೆಸರಿಟ್ಟರು. ಮೂರು ದಿನ ಊಟದ ಹೊತ್ತಿನಲ್ಲಿ ಹರಿತಾ ಅದನ್ನು ಗಟ್ಟಿಯಾಗಿ ಓದಿದಳು. ಅರ್ಧ ಜನ ತೂಕಡಿಸಿದರು. ಅಶ್ವತ್ಥಮ್ಮ ಮುದ್ದೆ ಮುರಿಯುತ್ತ ಕೇಳಿದಳು.

ಮೂರನೇ ದಿನ ಕೃಷ್ಣಮೂರ್ತಿಯವರು ಅವಳನ್ನು ಕರೆದು ಮೆಲ್ಲಗೆ ಹೇಳಿದರು: "ಅಶ್ವತ್ಥಮ್ಮನೋರೇ, ಬೇಜಾರ್ ಮಾಡ್ಕೋಬೇಡಿ. ಮೇಜಿನ ಮುಖ್ಯಸ್ಥರಿಗೆ ಓದೋಕೆ ಬರ್ಬೇಕು ಅಂತ ಪುಸ್ತಕದಲ್ಲಿದೆ. ಪರೀಕ್ಷೆ ಮುಗಿಯೋವರೆಗೂ ನೀವೇ ಇರಿ. ಆಮೇಲೆ ತೊಳೆಯೋ ತೊಟ್ಟಿ ಕಡೆ ಹೋಗ್ಬೇಕಾಗತ್ತೆ."

ಸಂಬಳವೇನೂ ಕಡಿಮೆಯಾಗುವಂತಿರಲಿಲ್ಲ. ಆದರೆ ತೊಟ್ಟಿಯ ಪಂಪು ದಿನವಿಡೀ ಗುರ್ ಎನ್ನುತ್ತಿರುತ್ತದೆ; ಪಕ್ಕದವಳು ಸತ್ತೆ ಎಂದು ಕೂಗಿದರೂ ಕೇಳುವುದಿಲ್ಲ. ಯಾರ ಮಾತೂ ಕಿವಿಗೆ ಬೀಳದ ಜಾಗದಲ್ಲಿ ಎಂಟು ಗಂಟೆ ನಿಲ್ಲುವುದು ಹೇಗೆಂದು ನೆನೆದರೇ ಅಶ್ವತ್ಥಮ್ಮನಿಗೆ ಸಂಕಟವಾಯಿತು. "ಆಗ್ಲಿ ಸಾರ್" ಎಂದಷ್ಟೇ ಹೇಳಿ ಬಂದಳು.

ಪರೀಕ್ಷೆ ಶುಕ್ರವಾರವೆಂದು ಗೊತ್ತಾಯಿತು. ಜನರೇಟರ್ ನೋಡಿಕೊಳ್ಳುವ ನರಸಿಂಹಪ್ಪ ಪಂಚಾಂಗ ಹಿಡಿದು ಆಫೀಸಿಗೆ ಓಡಿದ. ಶುಕ್ರವಾರ ಹತ್ತೂವರೆಯಿಂದ ರಾಹುಕಾಲ, ಅಷ್ಟರೊಳಗೆ ಮುಗಿಸಬೇಕು ಎಂದ. ಸರಿ, ಒಂಬತ್ತೂ ಕಾಲಿಗೆ ಕರೆಂಟು ತೆಗೆಯುವುದೆಂದು ತೀರ್ಮಾನವಾಯಿತು. ಅಂದು ಗೇಟಿನಲ್ಲಿ ರಂಗೋಲಿ, ಜನರೇಟರಿಗೆ ಹೂವು, ಅದರ ಬುಡಕ್ಕೆ ನಿಂಬೆಹಣ್ಣು. ಆಪತ್ತಿನ ಪುಸ್ತಕಗಳಿಗೂ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ರೈತರಿಗೆ ಅರ್ಧ ಲೋಡು ಮಾತ್ರ ತನ್ನಿ ಎಂದು ಮೊದಲೇ ಹೇಳಿಯಾಗಿತ್ತು. ಫೋನು ಬರಬೇಕಾದವರೆಲ್ಲ ಬೆಳಿಗ್ಗೆಯಿಂದ ಫೋನಿನ ಪಕ್ಕದಲ್ಲೇ ಕೂತಿದ್ದರು. ಕರೆಂಟು ತೆಗೆದರು, ಜನರೇಟರ್ ಒಂದೇ ಏಟಿಗೆ ಗುಡುಗಿತು, ಇಪ್ಪತ್ತೇ ನಿಮಿಷಕ್ಕೆ ಎಲ್ಲ ಮುಗಿದು ಪಾಯಸ ಬಂತು.

ಪರೀಕ್ಷೆ ನೋಡಲು ಗಿರಾಕಿಯ ಕಡೆಯಿಂದ ಬೆಂಗಳೂರಿನ ಗಂಗಾಧರ್ ಎಂಬವರು ಬಂದಿದ್ದರು. ಪಾಯಸದ ಲೋಟ ಹಿಡಿದು ತಿರುಗುತ್ತ ಮೂರನೇ ಮೇಜಿನ ಹತ್ತಿರ ನಿಂತರು.

"ಹೇಗಿತ್ತಮ್ಮ ಪರೀಕ್ಷೆ?"

"ಚೆನ್ನಾಗಿತ್ತು ಸ್ವಾಮಿ. ನಿಶ್ಚಿತಾರ್ಥ ಇದ್ದಂಗಿತ್ತು," ಎಂದಳು ಅಶ್ವತ್ಥಮ್ಮ. "ಆದ್ರೆ ಕರೆಂಟು ಹೋಗೋಕೆ ಮುಂಚೆ ನಮ್ಗೇನು ಲಗ್ನಪತ್ರಿಕೆ ಕಳಿಸಲ್ಲ ನೋಡಿ."

ಹೆಂಗಸರು ಕಿಸಕ್ಕೆಂದರು. ಕೃಷ್ಣಮೂರ್ತಿಯವರ ಮುಖ ಸಣ್ಣಗಾಯಿತು. ಗಂಗಾಧರ್ ಮಾತ್ರ ಜೋರಾಗಿ ನಕ್ಕು, "ಹಾಗಾದ್ರೆ ಯಾವಾಗ ಮಾಡ್ಬೇಕು ಹೇಳಿ?" ಎಂದರು.

"ಮಾಡೋದಾದ್ರೆ ರಾಹುಕಾಲದಲ್ಲೇ ಮಾಡ್ಬೇಕು."

ಆಡಿದ ಮೇಲೆ ನಾಲಗೆ ಕಚ್ಚಿಕೊಂಡಳು. ತೊಟ್ಟಿಯ ಪಂಪಿನ ಸದ್ದು ಆಗಲೇ ಕಿವಿಗೆ ಬಂದಂತಾಯಿತು.

ಮುಂದಿನ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಎರಡನೇ ಲಾರಿ ಬಂದಿತ್ತು. ಬಿಸಿಲು ಚುರುಚುರು ಎನ್ನುತ್ತಿತ್ತು. ಕಾಯಿ ಇಳಿಸುವುದು ಮುಗಿಯುವಷ್ಟರಲ್ಲಿ ಜರಡಿ ಯಂತ್ರ ಉಸಿರು ಬಿಟ್ಟು ನಿಂತಿತು. ಎಲ್ಲರೂ ಕರೆಂಟು ಹೋಯಿತೆಂದುಕೊಂಡರು. ಆಗ ಮೇನ್ ಸ್ವಿಚ್ಚಿನ ಕಡೆಯಿಂದ ಗಂಗಾಧರ್ ನಡೆದು ಬಂದರು. ಯಾರಿಗೂ ಹೇಳದೆ ಆಟೋದಲ್ಲಿ ಬಂದಿದ್ದರು. "ಇದು ಪರೀಕ್ಷೆ. ಫೋನು ಇಲ್ಲ, ಮ್ಯಾನೇಜರೂ ಇಲ್ಲ," ಎಂದು ಆಫೀಸಿಗೆ ಬೀಗ ಹಾಕಿ, ಕೃಷ್ಣಮೂರ್ತಿಯವರನ್ನು ಕ್ಯಾಂಟೀನಿನಲ್ಲಿ ಕೂರಿಸಿ, ಬಾಯಿ ಬಿಡಬಾರದೆಂದು ಕಾಫಿ ಕೊಡಿಸಿದರು.

ಒಂದನೇ ಮೇಜಿನ ಮುಖ್ಯಸ್ಥೆ ಮುನಿಲಕ್ಷ್ಮಿ ಎಸ್ಸೆಸ್ಸೆಲ್ಸಿ ಪಾಸಾದವಳು. "ಪುಸ್ತಕ ಎಲ್ರೇ? ಪುಸ್ತಕ ತಗೊಂಬನ್ನಿ!" ಎಂದು ಕೂಗಿದಳು.

ಹರಿತಾ ಹಣೆ ಚಚ್ಚಿಕೊಂಡಳು. "ಪೂಜೆ ಆದ್ಮೇಲೆ ಕಾಲಡಿ ಬೀಳ್ಬಾರ್ದು ಅಂತ ಎಲ್ಲಾನೂ ಹಳದಿ ಬಟ್ಟೇಲಿ ಸುತ್ತಿ ಬೀರುವಲ್ಲಿ ದೇವರ ಫೋಟೋ ಪಕ್ಕ ಇಟ್ಟಿದ್ದೀನಿ. ಬೀರು ಆಫೀಸಲ್ಲಿದೆ, ಆಫೀಸಿಗೆ ಬೀಗ!"

ನಲವತ್ತು ಜನ ಬಿಸಿಲಲ್ಲಿ ಬಿದ್ದ ಕಾಯಿಯ ರಾಶಿಯ ಸುತ್ತ ನಿಂತಿದ್ದರು. ಓದು ಬಂದವರ ಕೈಯಲ್ಲಿ ಓದಲು ಏನೂ ಇರಲಿಲ್ಲ.

ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಕಣ್ಣು ಮುಚ್ಚಿದಳು. "ಒಂದನೇದು, ತಲೆ ಎಣಿಸಬೇಕು. ಎರಡನೇದು, ಕಾಯಿ ನೆರಳಿಗೆ ಎಳೀಬೇಕು. ಮೂರನೇದು, ಒದ್ದೆ ಗೋಣಿ ಹೊದಿಸಬೇಕು…" ಹೇಳಿದಂತೆಲ್ಲ ಹೆಂಗಸರು ಮಾಡಿದರು; ತಲೆ ಮಾತ್ರ ಅವಳೇ ಎಣಿಸಿದಳು. ಅಶ್ವತ್ಥಮ್ಮ ಹತ್ತರವರೆಗೆ ನೀರು ಕುಡಿದಂತೆ ಹೇಳಿ ಸ್ವಲ್ಪ ತಡೆದಳು. "ಇಲ್ಲಿ ಹರಿತಮ್ಮ ಕೆಮ್ಮಿದ್ಲು. ಹ್ಞಾ, ಹನ್ನೊಂದನೇದು! ಯಂತ್ರ ನಿಂತ್ರೆ ಕೈಯಲ್ಲೇ ಬೇರೆ ಮಾಡ್ಬೇಕು."

"ಕೈಯಲ್ಲಿ ಹೆಂಗಕ್ಕ? ನಾವು ಬಂದಾಗಿಂದ ಯಂತ್ರಾನೇ ಇತ್ತು," ಎಂದಳು ಒಬ್ಬಳು.

"ಬೆರಳು ಇಲ್ವೇನೇ ನಿಂಗೆ? ಕಿರುಬೆರಳಷ್ಟು ಇದ್ದದ್ದು ಮೊದಲ್ನೇ ಬುಟ್ಟಿ. ನಡುಬೆರಳಷ್ಟು ಇದ್ದದ್ದು ಎರಡನೇದು. ಹೆಬ್ಬೆರಳಿಗಿಂತ ದಪ್ಪ ಇದ್ರೆ ಮೂರನೇದು. ನಿನ್ ಬೆರಳು ನೋಡ್ಬೇಡ, ಮುನಿಲಕ್ಷ್ಮಿ ಬೆರಳು ನೋಡು. ನಿನ್ನದು ಒಂದೊಂದೂ ಬಾಳೆಕಾಯಿ ಇದ್ದಂಗಿದೆ."

ನಗುತ್ತ ನಗುತ್ತಲೇ ಕೈಗಳು ಓಡತೊಡಗಿದವು. ಆದರೆ ಹದಿನಾಲ್ಕನೆಯ ಅಂಶ ಬಂದಾಗ ಮತ್ತೆ ತೊಡಕಾಯಿತು. ಸಂಜೆಯ ಕಾಯಿ ಕೀಳಬೇಡಿ ಎಂದು ಅಲೀಪುರದ ಕಡೆಯ ರೈತರಿಗೆ ಫೋನು ಮಾಡಬೇಕೆಂದು ಅದರಲ್ಲಿತ್ತು, ಫೋನೇ ಇರಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಹಾರನ್ನು ಕೇಳಿತು. ಅಶ್ವತ್ಥಮ್ಮ ಗೇಟಿಗೆ ಓಡಿ ಅಲೀಪುರದ ಬಸ್ಸಿಗೆ ಕೈ ಅಡ್ಡ ಹಿಡಿದಳು. ದಿನವೂ ಊಟದ ಡಬ್ಬಿ, ಔಷಧಿ, ಮದುವೆಯ ಕರೆ ಎಲ್ಲವನ್ನೂ ಊರೂರಿಗೆ ಮುಟ್ಟಿಸುವ ಕಂಡಕ್ಟರ್, "ಏನಕ್ಕಾ, ಡಬ್ಬೀನಾ?" ಎಂದ.

"ಡಬ್ಬಿ ಅಲ್ಲಪ್ಪ, ಬರೀ ಮಾತು. ಕಾಯಿ ತೂಗೋ ಜಾಗದಲ್ಲಿ ಹೇಳ್ಬಿಡು, ಇವತ್ತು ಸಂಜೆ ಕೀಳೋದು ಬೇಡ ಅಂತ."

"ಟಿಕೇಟು?"

"ಮಾತಿಗೂ ಟಿಕೇಟಾ? ಹೋಗೋ, ಹೋಗೋ!"

ಗಂಗಾಧರ್ ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಪೆನ್ನು ಹಿಡಿದು ಎಲ್ಲ ಬರೆದುಕೊಳ್ಳುತ್ತಿದ್ದರು.

ಇಷ್ಟಾದರೂ ಜನರೇಟರಿನ ಸದ್ದೇ ಇರಲಿಲ್ಲ. ಅಶ್ವತ್ಥಮ್ಮ ಹೋಗಿ ನೋಡಿದರೆ ನರಸಿಂಹಪ್ಪ ಅದರ ಪಕ್ಕ ಕೈಕಟ್ಟಿ ನಿಂತಿದ್ದ.

"ಯಾಕೋ, ಶುರು ಮಾಡಲ್ವಾ?"

"ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ ಅಕ್ಕ. ಹೋದ್ವರ್ಷ ಹಿಂಗೇ ಮಾಡಿ ಬೆಲ್ಟು ಕಿತ್ಕೊಂಡು ಬಂತು. ಅಯ್ಯೋ ದೇವುಡಾ, ಇನ್ನು ಮುಕ್ಕಾಲು ಗಂಟೆ ತಾನೆ, ಬಿಡು."

"ಅಷ್ಟೊತ್ತಿಗೆ ಕಾಯಿ ಮೆತ್ತಗಾಗಿ ಗೊಜ್ಜಾಗ್ತದೆ ಕಣೋ."

ಅವನು ಕದಲಲಿಲ್ಲ. ಬೈದರೆ ಇನ್ನೂ ಗಟ್ಟಿಯಾಗುವ ಜಾತಕ ಅವನದು ಎಂದು ಅಶ್ವತ್ಥಮ್ಮನಿಗೆ ಗೊತ್ತಿತ್ತು. ಪಕ್ಕದ ಕಲ್ಲಿನ ಮೇಲೆ ನಿಧಾನವಾಗಿ ಕೂತಳು.

"ಮೊನ್ನೆ ಕೈವಾರಕ್ಕೆ ಹೋದ್ಯಲ್ಲ, ಬಸ್ಸು ರಾಹುಕಾಲದಲ್ಲಿ ಅಂತಿದ್ದೆ. ಹೆಂಗ್ ಹೋದೆ?"

"ಬೆಳಗ್ಗೆ ಒಳ್ಳೇ ಹೊತ್ತಲ್ಲಿ ಬ್ಯಾಗು ತಗೊಂಡೋಗಿ ಪಕ್ಕದ್ ಗಂಗುಲಪ್ಪನ ಮನೆ ಜಗುಲಿ ಮೇಲಿಟ್ಟೆ."

"ಇಟ್ರೆ ಏನಾಯ್ತು?"

"ಅಲ್ಲಿಗೇ ಹೊರಟಂಗೆ ಲೆಕ್ಕ ಅಲ್ವಾ? ಆಮೇಲೆ ಯಾವಾಗ ಬಸ್ಸು ಹತ್ತಿದ್ರೂ ದೋಷ ಇಲ್ಲ."

"ಶುಕ್ರವಾರ ಒಂಬತ್ತೂ ಕಾಲಿಗೆ ನಿಂಬೆಹಣ್ಣಿಟ್ಟು ಇದನ್ನ ಶುರು ಮಾಡ್ದೋನು ಯಾರೋ?"

"ನಾನೇ."

"ಮತ್ತೆ? ಈ ಪರೀಕ್ಷೆ ಅವತ್ತೇ ಹೊರಟಿದೆ. ಇವತ್ತು ದಾರಿ ಮಧ್ಯದಲ್ಲಿದೆ, ಅಷ್ಟೆ. ನೀನೇನೂ ಶುರು ಮಾಡ್ತಿಲ್ಲ, ಮುಂದುವರಿಸ್ತಿದ್ದೀಯ."

ನರಸಿಂಹಪ್ಪ ಆಕಾಶ ನೋಡಿದ. ನಿಂಬೆಹಣ್ಣು ನೋಡಿದ, ಒಣಗಿದ್ದರೂ ಅಲ್ಲೇ ಇತ್ತು. ಕಣ್ಣಿಗೊತ್ತಿಕೊಂಡು ಜನರೇಟರಿಗೆ ಕೈ ಹಾಕಿದ. ಬೆಲ್ಟು ಕಿತ್ತು ಬರಲಿಲ್ಲ.

ನಾಲ್ಕೂ ಹತ್ತಕ್ಕೆ ಕೊನೆಯ ಬುಟ್ಟಿ ಪೀಪಾಯಿಗೆ ಬಿತ್ತು. ಗಂಗಾಧರ್ ಎಲ್ಲರನ್ನೂ ಸೇರಿಸಿ ಹನ್ನೊಂದು ತಪ್ಪು ಓದಿದರು. ಪುಸ್ತಕಕ್ಕೆ ಬೀಗ, ರೈತರಿಗೆ ಸುದ್ದಿ ಮುಟ್ಟಿಸಲು ಪುಸ್ತಕದಲ್ಲಿ ಬೇರೆ ದಾರಿಯೇ ಇಲ್ಲದ್ದು, ಜನರೇಟರ್ ತಡ ಎಂದು ಶುರುವಾದ ಪಟ್ಟಿ ತಲೆ ಎಣಿಸಿದಾಗ ಕ್ಯಾಂಟೀನಿನವರನ್ನು ಮರೆತದ್ದರವರೆಗೆ ಹೋಯಿತು. ಕೊನೆಯದಂತೂ ಅಶ್ವತ್ಥಮ್ಮನದೇ ತಪ್ಪು. ಓದುತ್ತ ಹೋದಂತೆ ಕೃಷ್ಣಮೂರ್ತಿಯವರು ಬೆವರು ಒರೆಸಿಕೊಂಡರು.

"ನಾವು ಫೇಲಾ ಸಾರ್?" ಎಂದು ಅವರೇ ಕೇಳಿದರು.

"ಶುಕ್ರವಾರ ಒಂದೂ ತಪ್ಪು ಸಿಗ್ಲಿಲ್ಲ, ಅದಕ್ಕೇ ನಂಗೆ ಭಯ ಆಗಿತ್ತು. ಇವತ್ತು ಹನ್ನೊಂದು ಸಿಕ್ಕಿದೆ, ಕಷ್ಟ ಬರೋಕೆ ಮುಂಚೆ. ಪಾಸು," ಎಂದರು ಗಂಗಾಧರ್. ಆಮೇಲೆ ಪುಸ್ತಕ ತರಿಸಿ, ಮುಖ್ಯಸ್ಥರಿಗೆ ಓದು ಬರಬೇಕು ಎಂಬ ಸಾಲಿನ ಮೇಲೆ ಪೆನ್ನಿಟ್ಟು, "ಇದೇನ್ ಮಾಡೋಣ?" ಎಂದರು.

ಕೃಷ್ಣಮೂರ್ತಿಯವರು ಮೂರನೇ ಮೇಜಿನ ಕಡೆ ನೋಡಿದರು. ತಾವೇ ಪೆನ್ನು ತೆಗೆದುಕೊಂಡು ಆ ಸಾಲು ಹೊಡೆದುಹಾಕಿ, "ಪುಸ್ತಕ ಬಾಯಿಗೆ ಬರಬೇಕು" ಎಂದು ಬರೆದರು. ಮುನಿಲಕ್ಷ್ಮಿ, "ಅಯ್ಯೋ, ಹಂಗಾದ್ರೆ ತೊಟ್ಟಿಗೆ ಹೋಗೋಳು ನಾನೇ!" ಎಂದು ಗೋಳಾಡಿದಳು. "ಮಧ್ಯಾಹ್ನ ಊಟಕ್ಕೆ ನನ್ ಪಕ್ಕ ಕೂತ್ಕೋ ಬಾರೇ," ಎಂದಳು ಅಶ್ವತ್ಥಮ್ಮ.

ತಿದ್ದಿದ ಪುಸ್ತಕವನ್ನು ಹರಿತಾ ಮುಂದಿನ ಸೋಮವಾರ ಗಟ್ಟಿಯಾಗಿ ಓದಿದಳು. ಹದಿನಾಲ್ಕನೆಯದರಲ್ಲಿ ಈಗ ಅಲೀಪುರದ ಬಸ್ಸೂ ಸೇರಿತ್ತು. ಅವಳು ಹತ್ತನೆಯದನ್ನು ಮುಗಿಸಿ ಹನ್ನೊಂದಕ್ಕೆ ಬಂದಾಗ ಅಶ್ವತ್ಥಮ್ಮ ಮುದ್ದೆಯ ಕೈಯನ್ನೇ ಎತ್ತಿ ತಡೆದಳು.

"ನಿಲ್ಲಮ್ಮ ತಾಯಿ. ಇಲ್ಲಿ ನೀನು ಕೆಮ್ಮಬೇಕು. ಇಲ್ದಿದ್ರೆ ನಂಗೆ ಮುಂದಿನದು ನೆನಪಿಗೆ ಬರಲ್ಲ."

ಹರಿತಾ ಪುಸ್ತಕ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ನಲವತ್ತು ಜನರ ಮುಂದೆ ಚೊಕ್ಕವಾಗಿ ಒಂದು ಸಲ ಕೆಮ್ಮಿದಳು.